ರೊಟ್ಟಿ ಕೋಣಿಯೊಳಗಿನ ಮೇಜು

ಮೊದಲ ಅಲ್ಲಿ ಖಡಕ್ ರೊಟ್ಟಿ ಒಟ್ಟತಿದ್ದೆ,
ಎದಿಮಟ, ಬಿಳಿ ಧೋತರ ಹೊಚ್ಚಿ.
ಪೆನ್ಶನ್ ಆದ ಮೂರನೇ ವಾರಕ್ಕ ಇವರು
ಟೇಪು ಹಿಡಕೊಂಡು ಬಂದು
ಗ್ವಾಡಿ ಅಳದರು, ಕಿಡಕಿ ಅಳದರು,
ನಡುವ ನಿಂತ ನನ್ನನ್ನೂ ಅಳದಂಗ ಒಮ್ಮಿ ನೋಡಿ
‘ಒಲಿ ಇಲ್ಲಿಂದ ಹೋಗಬೇಕು’ ಅಂದರು.

ಒಲಿ ಹೋತು. ಹಿತ್ತಲ ತಗಡಿನ ಕೆಳಗ
ಅದರ ಹೊಗಿ ಈಗ ಮಂದಿ ಮನಿಗೆ.

ಮ್ಯಾಲ ಶಹಾಬಾದಿ ಫರಸಿನೇ ಬೇಕಂತ,
ಚಿಂಚೋಳಿತನಕ ಟಂಟಂನಾಗ ಬಂತು:
ನಾಲ್ಕು ಮಂದಿ, ಎಂಟು ಬೈಗಳ, ಒಂದು ಜಜ್ಜಿದ ಉಗುರು.
ಕಾಲಿಗೆ ಬಿದ್ದ ಕೊಟ್ಟಿಗಿಯ ಸಾಗವಾನಿ ತೊಲಿ.
ಬಟ್ಟಲದಾಗ ನೀರಿಟ್ಟು ಮಟ್ಟ ನೋಡಿದರು.
ನೀರು ಮುಲ್ಲಾಮಾರಿ ಕಡಿಗೇ ವಾಲಿತು.
ಗಿಡ್ಡ ಕಾಲಿಗೆ ಹೋದ ವರ್ಷದ ಪಂಚಾಂಗ ಮಡಚಿ ಕೊಟ್ಟರು.
ಇರಲಿ, ಅದರೊಳಗಿನ ಗ್ರಹಣ ಎಲ್ಲಾ ಮುಗದಾವ.

ಲೈಸೆನ್ಸು ಗಾಜಿನೊಳಗ, ಮಾವನವರ ಫೋಟೋದ ಮಗ್ಗಲ.
ಮದ್ದು ಒಂದು ಪೆಟಾರಿ, ಟೋಪಿ ಒಂದು ಪೆಟಾರಿ, ಎರಡಕ್ಕೂ ಬೀಗ.
‘ಸವತಿಯರಂಗ,’ ಅಂದರು, ‘ಒಂದೇ ಸೂರು, ಕೂಡಬಾರದು.’
ಬೀಡಿ ಹೊಸ್ತಿಲದ ಹೊರಗ. ಮೊಮ್ಮಕ್ಕಳು ಹೊರಗ.
ರೇಡಿಯೊ ಹೊರಗ. ಮಾತೂ.

ತಕ್ಕಡಿ ಪತ್ತಾರ ಮೋನಪ್ಪಂದು,
ಅಂಗಡಿ ಮುಚ್ಚುವಾಗ ಮಾರಿದ್ದು.
ನನ್ನ ಬೋರಮಾಳ ಅಡವಿಟ್ಟ ದಿನ ತೂಗಿದ್ದೂ ಅದರಾಗ.
ಆವಾಗ ಅದು ಸುಳ್ಳು ಹೇಳಿತ್ತು ಅಂದೆ.
‘ತಕ್ಕಡಿ ಖರೇನ ಅದ,’ ಅಂದರು ಇವರು,
‘ಮೋನಪ್ಪನ ಬೆರಳು ಬ್ಯಾರೆ.’

ಹಿತ್ತಾಳಿ ಕೊಳವಿಗೆ ರಟ್ಟಿನ ಬಿಲ್ಲಿ ಬೇಕು.
ಟ್ರಂಕಿನ ತುಂಬ ಲಗ್ನಪತ್ರಿಕಿ ಇದ್ದವು.
ಅಚ್ಚು ಇಟ್ಟು ಸುತಗಿ ಹೊಡದರ ದುಂಡಗ ಬೀಳತಾವ,
ಒಂದರಾಗ ಗಣಪತಿ ಸೊಂಡಿ, ಒಂದರಾಗ ಬರೇ ‘ಚಿ॥ ಸೌ॥’,
ಇನ್ನೊಂದರಾಗ ಸೇಡಂ ಬೀಗರ ಊಟದ ವ್ಯಾಳ್ಯಾ.
ಮುರದ ಲಗ್ನದ್ದೂ ಒಂದಿತ್ತು, ನಮ್ಮ ಸಣ್ಣಕಿದು.
ಸುತಗಿ ಎತ್ತಿ ನನ್ನ ಕಡಿ ನೋಡಿದರು.
ಹೊಡೀರಿ ಅಂದೆ.

ಎಡಗಣ್ಣಿಗೆ ಪೊರಿ ಬಂದದ. ಹೇಳಂಗಿಲ್ಲ.
‘ಸುಮ್ಮ ಬಂದು ಕೂಡು ಇಲ್ಲಿ,’ ಅಂದು
ಬ್ಯಾಟರಿ ಕೈಯಾಗ ಕೊಟ್ಟರು.
ಕೊಳವಿ ಸಾಲಾಗಿ ನಿಂತಿದ್ದವು, ಬಾಯಿ ತೆರದು.
ಕೂಸಿನ ಕಿವ್ಯಾಗ ಏನರ ಹೋಗೇದೇನೋ ನೋಡಿದಂಗ
ಒಂದೊಂದರೊಳಗ ಬೆಳಕು ಇಳಿಸಿದೆ.
ಹದಿನಾಲ್ಕು ಒಂದೇ ಮಟ್ಟ.
ಹದಿನೈದನೇದು ಗಂಟಲಮಟ.
‘ಇದು ಎರಡು ಸಲ ಉಂಡದ,’ ಅಂದೆ.

ಬ್ಯಾಟರಿ ಕಸಗೊಂಡು ನೋಡಿದರು. ಮತ್ತ ನೋಡಿದರು.
ಬಲಗಲ್ಲ ಒಮ್ಮಿ ಸವರಿಕೊಂಡರು,
ಬಂದೂಕಿಗೆ ಆನಿಸೂ ಜಾಗ.
ಆಮ್ಯಾಲ ಎಲ್ಲಾ ಬಗ್ಗಿಸಿದರು, ಒಳ್ಳೇವನ್ನೂ.
ಮೊದಲಿಂದ: ನಾ ಎಣಸೂದು, ಇವರು ಹಾಕೂದು.
ನಾ ಒಂದು ಅಂದರನ ಒಂದು.
ಮೂವತ್ತೆಂಟು ವರ್ಷದಾಗ ನನ್ನ ಮಾತಿಗೆ ಇಷ್ಟು ಕಾದದ್ದು
ಅವತ್ತೇ. ಹಿತ್ತಲದಾಗ ಝುಣಕಾ ಸೀದು ಹೋತು.

ಕಾರ್ತೀಕದಾಗ ತೊಗರಿಗೆ ಹಂದಿ ಇಳದವು.
ಮುಗಿಲ ಕಡಿ ಒಂದು ಹೊಡದರು.
ಊರ ನಾಯಿ ಎಲ್ಲಾ ಎದ್ದವು, ಹಂದಿ ಹೋದವು,
ನಾಕು ದಿನಕ್ಕ ಮತ್ತ ಬಂದವು.
ಮುಂಜಾನಿ ಸಾಲಿನೊಳಗ, ಹಳದಿ ಹೂ ಉದರಿದ ಮಣ್ಣಾಗ,
ಅಂಚು ಸುಟ್ಟ ಬಿಲ್ಲಿ ಒಂದು ಸಿಕ್ಕಿತು.
ಬಂಗಾರದ ಅಕ್ಷರ: ‘ಆಗಮನಾಭಿಲಾ’.
ಮುಂದಿಂದು ಎಲ್ಲಿ ಹಾರಿತೋ.

ಸೆರಗಿನ ತುದಿಗೆ ಕಟಿಗೊಂಡೆ. ಇವರಿಗೆ ಹೇಳಲಿಲ್ಲ.
ಹೇಳಿದ್ದರ, ಹಂದಿಗೆ ಕರದೀರಿ, ಪಂಕ್ತಿನೂ ಹಾಕ್ರಿ ಅಂತಿದ್ದೆ,
ನಗತಿದ್ದರು; ನಕ್ಕರ ಇವರ ಕೈ ನಡಗತದ,
ಸಂಜಿಮುಂದ ಮತ್ತ ಕೂಡೂದಿತ್ತು
ಆ ಕಲ್ಲಿಗೆ ಇಬ್ಬರೂ.